ಬಳ್ಳಾರಿಯಿಂದ ಬರುವ ಕ್ಯಾಸೆಟ್ಟುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಕುಳಿತು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಕಲಾವಿದರ ಸಂಗೀತವನ್ನು ಕ್ಯಾಸೆಟ್ಟಿನಲ್ಲಿ ಹೊರತರುವ ಸಣ್ಣ ಸ್ವತಂತ್ರ ಲೇಬಲ್ ನಮ್ಮದು. ಕೊಳ್ಳುವವರು, ನುಡಿಸುವವರು, ಅಂಗಡಿಯವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ನೀವು ಯಾವ ಬಗೆಯ ಸಂಗೀತವನ್ನು ಪ್ರಕಟಿಸುತ್ತೀರಿ?

ನಮ್ಮ ಭಾಗದಲ್ಲಿ ಸಿನಿಮಾ ಹಾಡಿಗೆ, ಭಕ್ತಿಗೀತೆಗೆ ಮತ್ತು ಮದುವೆ ಮನೆಯ ವಾದ್ಯಗೋಷ್ಠಿಗೆ ಮಾರುಕಟ್ಟೆ ಇದೆ. ಅದರಾಚೆಗೆ ನುಡಿಸುವವರಿಗೆ ವೇದಿಕೆಯೂ ಇಲ್ಲ, ಹಣ ಹಾಕುವವರೂ ಇಲ್ಲ. ಹಾಗೆ ಹೊರಗುಳಿದದ್ದನ್ನು, ಅಂಡರ್‌ಗ್ರೌಂಡ್ ಎಂದು ಕರೆಯುವುದನ್ನು, ನಾವು ತೆಗೆದುಕೊಳ್ಳುತ್ತೇವೆ: ಅಬ್ಬರದ ಗಿಟಾರಿನ ಡೆತ್ ಮೆಟಲ್, ಕರ್ಕಶ ಸದ್ದನ್ನೇ ಸಂಗೀತವಾಗಿಸುವ ನಾಯ್ಸ್, ಗಂಟೆಗಟ್ಟಲೆ ಒಂದೇ ಸ್ವರವನ್ನು ಹಿಡಿದು ಸಾಗುವ ಡ್ರೋನ್, ರಾಯಚೂರಿನ ಕಡೆಯ ಮಾತನ್ನು ತಿದ್ದದೆ ಬರೆದ ರ‍್ಯಾಪ್, ಜೀನ್ಸ್ ಹೊಲಿಯುವ ಘಟಕದೊಳಗಿನ ಯಂತ್ರಗಳ ಸದ್ದನ್ನೇ ತಾಳವಾಗಿಸಿಕೊಂಡ ರಚನೆಗಳು, ಸ್ಥಳದಲ್ಲೇ ಹಿಡಿದ ಧ್ವನಿಮುದ್ರಣಗಳು.

ಬುರ್ರಕಥೆ, ರಿವಾಯತ್ ಪದ, ತತ್ವಪದಗಳೂ ನಿಮ್ಮ ದೃಷ್ಟಿಯಲ್ಲಿ ಅಂಡರ್‌ಗ್ರೌಂಡ್ ಸಂಗೀತವೇ?

ಅಲ್ಲ. ಮುದಗಲ್ಲಿನ ಮೊಹರಂಗೆ ಸೇರುವ ಜನಸ್ತೋಮವನ್ನು ಕಂಡವರು ಅಲ್ಲಿ ಹಾಡುವ ರಿವಾಯತ್ ಪದಗಳನ್ನು ಅಂಡರ್‌ಗ್ರೌಂಡ್ ಎಂದು ಕರೆಯಲಾರರು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥೆ ಕಲಾವಿದೆ ಈರಮ್ಮನವರು, 2014ರಲ್ಲಿ ತೀರಿಕೊಳ್ಳುವವರೆಗೂ, ಹಲವು ಜನಪದ ಮಹಾಕಾವ್ಯಗಳನ್ನು ನಾಲಿಗೆಯ ಮೇಲೆ ಇಟ್ಟುಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವವನ್ನು ನೀಡಿತು. ಒಂದು ಸಮುದಾಯ ತನ್ನದೆಂದು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಕಲೆಯ ಮೇಲೆ, ನಗರದ ಕೇಳುಗನಿಗೆ ಅದು ಹೊಸದು ಎಂಬ ಒಂದೇ ಕಾರಣಕ್ಕೆ, ಫ್ಯಾಶನ್ನಿನ ಚೀಟಿ ಅಂಟಿಸುವುದು ನಮಗೆ ಸರಿಕಾಣುವುದಿಲ್ಲ. ಈ ಪರಂಪರೆಗಳಲ್ಲಿ ಬೆಳೆದ ಕಲಾವಿದರು ತಾವಾಗಿ ಗಿಟಾರ್ ಹಿಡಿದವರ ಜೊತೆ ಕುಳಿತು ಏನಾದರೂ ಮಾಡಿದರೆ ಅದನ್ನು ಸಂತೋಷದಿಂದ ಪ್ರಕಟಿಸುತ್ತೇವೆ.

ಎಲ್ಲರೂ ಮೊಬೈಲಿನಲ್ಲಿ ಹಾಡು ಕೇಳುವ ಕಾಲದಲ್ಲಿ ಕ್ಯಾಸೆಟ್ ಏಕೆ?

ಮೊದಲ ಕಾರಣ ಪ್ರತಿಗಳ ಸಂಖ್ಯೆ. ವಿನೈಲ್ ತಟ್ಟೆಯನ್ನು ಅಚ್ಚು ಹಾಕಿಸಬೇಕಾದರೆ ಮೊದಲು ಲೋಹದ ಅಚ್ಚನ್ನು ಮಾಡಿಸಬೇಕು. ಆ ಖರ್ಚು ನೂರಾರು ಪ್ರತಿಗಳ ಮೇಲೆ ಹಂಚಿಹೋದರೆ ಮಾತ್ರ ಲೆಕ್ಕ ಕೂಡುತ್ತದೆ. ಸಿ.ಡಿ. ಮಾಡುವುದು ಅಗ್ಗವಾದರೂ ಈಗಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಹಾಕುವ ಜಾಗವೇ ಇಲ್ಲ. ಕ್ಯಾಸೆಟ್ಟನ್ನಾದರೆ ಮೂವತ್ತು ಬೇಕಿದ್ದರೆ ಮೂವತ್ತನ್ನೇ, ಮನೆಯ ಒಂದು ಕೋಣೆಯಲ್ಲಿ, ಇನ್ನೊಬ್ಬರ ಅನುಮತಿಗೆ ಕಾಯದೆ ತಯಾರಿಸಬಹುದು. ಐವತ್ತು ಜನ ಕೇಳುಗರಿರುವ ಸಂಗೀತಕ್ಕೆ ಐವತ್ತೇ ಪ್ರತಿಗಳಾಗಿ ಹೊರಬರುವ ಹಕ್ಕಿದೆ ಎಂಬುದು ನಮ್ಮ ನಂಬಿಕೆ, ಮತ್ತು ಆ ಅಳತೆಗೆ ನಷ್ಟವಿಲ್ಲದೆ ಒಗ್ಗುವ ಮಾಧ್ಯಮ ಇದೊಂದೇ.

ಎರಡನೆಯದು ಪರಂಪರೆ. ಫಿಲಿಪ್ಸ್ ಕಂಪನಿಯಲ್ಲಿ ಲೂ ಒಟೆನ್ಸ್ ಅವರ ನೇತೃತ್ವದ ತಂಡ ರೂಪಿಸಿದ ಕಾಂಪ್ಯಾಕ್ಟ್ ಕ್ಯಾಸೆಟ್ 1963ರಲ್ಲಿ ಬರ್ಲಿನ್ನಿನ ರೇಡಿಯೋ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡಿತು. ಅದರ ಉದ್ದೇಶ ಸಂಗೀತವಾಗಿರಲಿಲ್ಲ. ಮಾತನ್ನು ಹಿಡಿದಿಡುವ ಸಣ್ಣ ಉಪಕರಣವೊಂದು ಬೇಕಾಗಿತ್ತು. 1979ರಲ್ಲಿ ಎರಡು ಸಂಗತಿಗಳು ನಡೆದವು. ಸೋನಿ ಕಂಪನಿಯ ವಾಕ್‌ಮನ್ ಬಂದು ಕೇಳುವ ರೀತಿಯನ್ನು ಬದಲಿಸಿತು. ಟಾಸ್ಕಾಮ್ ಕಂಪನಿಯ ಪೋರ್ಟಾಸ್ಟುಡಿಯೋ ಬಂದು, ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕುಗಳನ್ನು (ಧ್ವನಿಯ ಸಾಲುಗಳನ್ನು) ಬೇರೆಬೇರೆಯಾಗಿ ಮುದ್ರಿಸುವ ಅನುಕೂಲವನ್ನು ಮಲಗುವ ಕೋಣೆಗೆ ತಂದಿತು. ಎರಡನೆಯದರ ಬಗ್ಗೆ ಕಡಿಮೆ ಜನ ಮಾತಾಡುತ್ತಾರೆ, ಆದರೆ ನಮ್ಮಂಥವರಿಗೆ ಮುಖ್ಯವಾದದ್ದು ಅದೇ. ಅದೇ ವರ್ಷ ನ್ಯೂಯಾರ್ಕಿನಲ್ಲಿ ಶುರುವಾದ ರೋಯರ್ ಎಂಬ ಲೇಬಲ್ ಪಂಕ್ ತಂಡಗಳ ಆಲ್ಬಮ್‌ಗಳನ್ನು ಕ್ಯಾಸೆಟ್ಟಿನಲ್ಲಿ ಮಾತ್ರ ಹೊರತಂದಿತು. 1982ರಲ್ಲಿ ಅಮೆರಿಕದ ಒಲಿಂಪಿಯಾ ಎಂಬ ಸಣ್ಣ ಊರಿನಲ್ಲಿ ಕೆ ರೆಕಾರ್ಡ್ಸ್ ಸಹ ಕ್ಯಾಸೆಟ್ಟಿನಿಂದಲೇ ಆರಂಭವಾಯಿತು. ಮೆಟಲ್ ಸಂಗೀತವಂತೂ ಬೆಳೆದದ್ದೇ ಅಂಚೆಯಲ್ಲಿ: ಒಂದು ದೇಶದ ಹುಡುಗ ತನ್ನ ತಂಡದ ಡೆಮೋ ಟೇಪನ್ನು ಇನ್ನೊಂದು ದೇಶದವನಿಗೆ ಕಳಿಸಿ, ಬದಲಿಗೆ ಅವನದನ್ನು ತರಿಸಿಕೊಳ್ಳುತ್ತಿದ್ದ.

ಇದೆಲ್ಲ ಹೊರಗಿನ ಕಥೆ ಎಂದು ಯಾರೂ ತಿಳಿಯಬೇಕಿಲ್ಲ. ನಮ್ಮ ಊರುಗಳಲ್ಲಿ ಕ್ಯಾಸೆಟ್ ಅಂಗಡಿಯವರು ಗಿರಾಕಿಯ ಪಟ್ಟಿಯನ್ನು ನೋಡಿಕೊಂಡು ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುತ್ತಿದ್ದರು. ಭಜನಾ ಮಂಡಳಿಗಳು ಏಕಾದಶಿಯ ರಾತ್ರಿ ಟೇಪ್ ರೆಕಾರ್ಡರನ್ನು ನಡುವೆ ಇಟ್ಟುಕೊಂಡು ಹಾಡುತ್ತಿದ್ದವು. ಹಳ್ಳಿಯ ನಾಟಕದ ಮೇಷ್ಟ್ರು ಮಟ್ಟು ಮರೆತುಹೋಗದಿರಲೆಂದು ಹಾರ್ಮೋನಿಯಂ ನುಡಿಸುತ್ತ ರಂಗಗೀತೆಗಳನ್ನು ಮುದ್ರಿಸಿಕೊಳ್ಳುತ್ತಿದ್ದರು. ಇವರಲ್ಲಿ ಯಾರೂ ತಮ್ಮನ್ನು ಲೇಬಲ್ ಎಂದು ಕರೆದುಕೊಳ್ಳಲಿಲ್ಲ, ಆದರೆ ಮಾಡಿದ ಕೆಲಸ ನಮ್ಮದಕ್ಕಿಂತ ಬೇರೆಯಲ್ಲ.

ಕ್ಯಾಸೆಟ್ಟಿನ ಧ್ವನಿ ಡಿಜಿಟಲ್‌ಗಿಂತ ಚೆನ್ನಾಗಿರುತ್ತದೆಯೇ?

ಇಲ್ಲ. ಸಾಮಾನ್ಯ ಟೇಪಿನಲ್ಲಿ ಅತಿ ಮೆಲ್ಲನೆಯ ಮತ್ತು ಅತಿ ಜೋರಾದ ಸದ್ದಿನ ನಡುವಿನ ಅಂತರ ಸಿ.ಡಿ.ಗಿಂತ ಬಹಳ ಕಡಿಮೆ. ಹಿನ್ನೆಲೆಯಲ್ಲಿ ಸುಯ್ಯೆನ್ನುವ ಸದ್ದು ಇದ್ದೇ ಇರುತ್ತದೆ. ವೇಗ ಕೂದಲೆಳೆಯಷ್ಟು ಏರಿಳಿಯುತ್ತಲೇ ಇರುತ್ತದೆ. ಕೆಲವು ಸಂಗೀತಕ್ಕೆ, ಅದರಲ್ಲೂ ನಾಯ್ಸ್ ಮತ್ತು ಕಚ್ಚಾ ಮೆಟಲ್‌ಗೆ, ಈ ದೋಷಗಳು ಒಪ್ಪುತ್ತವೆ. ಏಕೈಕ ತಂಬೂರಿಯ ಧ್ವನಿಗೆ ಒಪ್ಪುವುದಿಲ್ಲ. ಅಂಥದ್ದನ್ನು ತಂದವರಿಗೆ ಬೇರೆ ಮಾಧ್ಯಮವನ್ನು ನೋಡಿಕೊಳ್ಳಿ ಎಂದು ನಾವೇ ಹೇಳುತ್ತೇವೆ.

ಕಂಪ್ಯೂಟರಿನಲ್ಲಿ ಮುದ್ರಿಸಿದ್ದನ್ನು ಟೇಪಿಗೆ ಹಾಕಿದರೆ ಅದು ಬೂಟಾಟಿಕೆಯಾಗುವುದಿಲ್ಲವೇ?

ಇಂದು ಜಗತ್ತಿನಲ್ಲಿ ಬರುವ ಬಹುಪಾಲು ಕ್ಯಾಸೆಟ್ಟುಗಳ ಮೂಲ ಡಿಜಿಟಲ್ ಕಡತವೇ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಟೇಪಿನ ಕಂದು ಬಣ್ಣದ ಲೇಪ ಏನು? ಟೈಪ್ 1, ಟೈಪ್ 2 ಎಂದರೇನು?

ಬಳ್ಳಾರಿಯವರಿಗೆ ಈ ಪ್ರಶ್ನೆಯ ಉತ್ತರ ಕುತೂಹಲಕರವಾಗಿರುತ್ತದೆ. ಟೈಪ್ 1 ಟೇಪಿನಲ್ಲಿ ತೆಳುವಾದ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಫೆರಿಕ್ ಆಕ್ಸೈಡಿನ ಸೂಕ್ಷ್ಮ ಕಣಗಳನ್ನು ಅಂಟಿನಲ್ಲಿ ಕಲಸಿ ಬಳಿದಿರುತ್ತಾರೆ. ಸಂಡೂರಿನ ಗುಡ್ಡಗಳಿಂದ ಲಾರಿಗಳಲ್ಲಿ ಇಳಿಯುವ ಹೆಮಟೈಟ್ ಅದಿರೂ ರಾಸಾಯನಿಕವಾಗಿ ಅದೇ ಫೆರಿಕ್ ಆಕ್ಸೈಡು. ವ್ಯತ್ಯಾಸ ಇರುವುದು ಪರಮಾಣುಗಳ ಜೋಡಣೆಯಲ್ಲಿ: ಹೆಮಟೈಟ್ ಅಯಸ್ಕಾಂತಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ, ಟೇಪಿನಲ್ಲಿ ಬಳಸುವ ಗ್ಯಾಮಾ ರೂಪ ಬಲವಾಗಿ ಸ್ಪಂದಿಸಿ, ಕೊಟ್ಟ ಕಾಂತತೆಯನ್ನು ದಶಕಗಳ ಕಾಲ ಹಿಡಿದಿಟ್ಟುಕೊಳ್ಳುತ್ತದೆ.

ಟೈಪ್ 2 ಎಂದರೆ ಕ್ರೋಮಿಯಂ ಡೈಆಕ್ಸೈಡ್ ಅಥವಾ ಅದಕ್ಕೆ ಸಮನಾಗಿ ವರ್ತಿಸುವ ಕೋಬಾಲ್ಟ್ ಸೇರಿಸಿದ ಲೇಪ. ಅದರಲ್ಲಿ ಹಿನ್ನೆಲೆಯ ಸುಯ್ಯೆನ್ನುವ ಸದ್ದು ಕಡಿಮೆ. ಆದರೆ ಹೊಸದಾಗಿ ತಯಾರಾಗುವ ಟೇಪು ಹೆಚ್ಚಾಗಿ ಟೈಪ್ 1 ಆಗಿರುವುದರಿಂದ ನಾವೂ ಅದನ್ನೇ ಬಳಸುತ್ತೇವೆ. ನಿಮ್ಮ ಕ್ಯಾಸೆಟ್ ಡೆಕ್‌ನಲ್ಲಿ ಆಯ್ಕೆಯ ಗುಂಡಿ ಇದ್ದರೆ ‘ನಾರ್ಮಲ್’ ಎಂಬಲ್ಲಿ ಇಡಿ, ಸುಯ್ಯೆನ್ನುವ ಸದ್ದನ್ನು ತಗ್ಗಿಸುವ ಡಾಲ್ಬಿಯನ್ನು ಆಫ್ ಮಾಡಿ. ನಾವು ಡಾಲ್ಬಿ ಇಲ್ಲದೆ ಮುದ್ರಿಸುವುದರಿಂದ ಅದನ್ನು ಹಾಕಿ ಕೇಳಿದರೆ ಮೇಲ್ಸ್ವರಗಳು ಸತ್ತುಹೋಗುತ್ತವೆ.

ಒಂದು ಕ್ಯಾಸೆಟ್ಟಿನಲ್ಲಿ ಎಷ್ಟು ಹೊತ್ತಿನ ಸಂಗೀತ ಹಿಡಿಸುತ್ತದೆ?

ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ಓಡುತ್ತದೆ. ಸಿ-60 ಎಂದರೆ ಎರಡೂ ಬದಿ ಸೇರಿ 60 ನಿಮಿಷ, ಸಿ-90 ಎಂದರೆ 90. ಅವಧಿ ಹೆಚ್ಚಿದಂತೆ ಅದೇ ಡಬ್ಬಿಯೊಳಗೆ ಹೆಚ್ಚು ಉದ್ದದ ಟೇಪನ್ನು ಸುತ್ತಬೇಕಾದ್ದರಿಂದ ಅದು ತೆಳುವಾಗುತ್ತ ಹೋಗುತ್ತದೆ: ಸಿ-60ರಲ್ಲಿ ಸುಮಾರು 18 ಮೈಕ್ರಾನ್, ಸಿ-90ರಲ್ಲಿ ಸುಮಾರು 12, ಸಿ-120ರಲ್ಲಿ ಸುಮಾರು 9. ಸಿ-120 ಸುಲಭವಾಗಿ ಹಿಗ್ಗುತ್ತದೆ, ಯಂತ್ರದ ರೋಲರಿಗೆ ಸುತ್ತಿಕೊಳ್ಳುತ್ತದೆ. ಅದನ್ನು ನಾವು ಮುಟ್ಟುವುದೇ ಇಲ್ಲ. ನಮ್ಮ ಬಿಡುಗಡೆಗಳು 60 ನಿಮಿಷವನ್ನು ದಾಟುವುದಿಲ್ಲ.

ಕಲಾವಿದರು ಗಮನಿಸಬೇಕಾದದ್ದು ಇನ್ನೊಂದಿದೆ. ಎರಡು ಬದಿಗಳ ಅವಧಿ ಹತ್ತಿರ ಹತ್ತಿರ ಇರಬೇಕು. ಒಂದು ಬದಿ 28 ನಿಮಿಷ, ಇನ್ನೊಂದು 17 ನಿಮಿಷವಾದರೆ ಕೇಳುಗನು 11 ನಿಮಿಷದ ಮೌನವನ್ನು ಓಡಿಸಬೇಕಾಗುತ್ತದೆ. ಹಾಡುಗಳ ಅನುಕ್ರಮವನ್ನು ಬದಿಗಳ ಲೆಕ್ಕದಲ್ಲೇ ಯೋಚಿಸಿ. ಒಂದನೆಯ ಬದಿಯ ಕೊನೆಯ ಹಾಡು ಮುಗಿದ ಮೇಲೆ ಕೇಳುಗ ಎದ್ದು ಹೋಗಿ ಕ್ಯಾಸೆಟ್ಟನ್ನು ತಿರುಗಿಸಬೇಕು, ಹಾಗೆ ಏಳಬೇಕೆನ್ನಿಸುವಂತೆ ಆ ಬದಿ ಮುಗಿಯಬೇಕು.

ಪ್ರತಿಗಳನ್ನು ಹೇಗೆ ತಯಾರಿಸುತ್ತೀರಿ?

ದೊಡ್ಡ ಕಾರ್ಖಾನೆಗಳಲ್ಲಿ ಮೂಲವನ್ನು ಹಲವು ಪಟ್ಟು ವೇಗದಲ್ಲಿ ಓಡಿಸಿ ನಕಲು ಮಾಡುತ್ತಾರೆ. ನಾವು ಒಂದಕ್ಕೆ ಒಂದು ವೇಗದಲ್ಲಿ, ಅಂದರೆ 40 ನಿಮಿಷದ ಆಲ್ಬಮ್ಮಿಗೆ 40 ನಿಮಿಷ ವ್ಯಯಿಸಿ, ಒಂದೇ ಮೂಲಕ್ಕೆ ಜೋಡಿಸಿದ ಕೆಲವು ಡೆಕ್‌ಗಳಲ್ಲಿ ಮುದ್ರಿಸುತ್ತೇವೆ. ಪ್ರತಿ ಸುತ್ತಿಗೆ ಮುನ್ನ ಟೇಪಿಗೆ ತಾಗಿ ಸದ್ದನ್ನು ಬರೆಯುವ, ಓದುವ ಹೆಡ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಲೇಬೇಕು. ಹತ್ತಿ ಕಂದಾಗಿ ಬಂದರೆ, ಬೆಳ್ಳಗೆ ಬರುವವರೆಗೂ ಹೊಸ ಹತ್ತಿ.

ಅತಿ ಹೆಚ್ಚು ತಾಳ್ಮೆ ಬೇಡುವ ಕೆಲಸ ಅಜಿಮುತ್, ಅಂದರೆ ಹೆಡ್ಡಿನ ಕೋನ, ಹೊಂದಿಸುವುದು. 3.81 ಮಿಲಿಮೀಟರ್ ಅಗಲದ ಟೇಪಿನಲ್ಲಿ ನಾಲ್ಕು ಟ್ರ್ಯಾಕುಗಳಿರುತ್ತವೆ, ಒಂದೊಂದು ಬದಿಗೆ ಎರಡೆರಡು. ಹೆಡ್ಡಿನಲ್ಲಿರುವ ಅತಿ ಸಣ್ಣ ಸೀಳು ಟೇಪು ಓಡುವ ದಿಕ್ಕಿಗೆ ಸರಿಯಾಗಿ ಲಂಬವಾಗಿರಬೇಕು. ಅದು ಒಂದಿಷ್ಟು ವಾಲಿದರೂ ಎಡ ಮತ್ತು ಬಲದ ಸಂಕೇತಗಳು ಸ್ವಲ್ಪ ಹಿಂದುಮುಂದಾಗುತ್ತವೆ. ಒಂದೇ ಸ್ಪೀಕರಿನ ಟೇಪ್ ರೆಕಾರ್ಡರಿನಲ್ಲಿ ಈ ಎರಡೂ ಕೂಡಿದಾಗ ಮೇಲ್ಸ್ವರಗಳು ಒಂದನ್ನೊಂದು ಕಳೆದುಕೊಂಡು, ಕಂಚಿನ ತಾಳದ ಸದ್ದು ಗೋಡೆಯಾಚೆಯಿಂದ ಬಂದಂತೆ ಮಂಕಾಗಿ ಕೇಳಿಸುತ್ತದೆ. ಅದಕ್ಕಾಗಿ ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಕಾಲು ಸುತ್ತಿಗಿಂತಲೂ ಕಡಿಮೆ ತಿರುಗಿಸುತ್ತ, ಸದ್ದು ಅತ್ಯಂತ ಚೊಕ್ಕವಾಗಿ ಕೇಳಿಸುವ ಬಿಂದುವನ್ನು ಹುಡುಕುತ್ತೇವೆ. ನಮ್ಮ ಕೇಳುಗರಲ್ಲಿ ಬಹಳ ಮಂದಿಯ ಬಳಿ ಇರುವುದು ತಂದೆಯ ಕಾಲದ ಒಂದೇ ಸ್ಪೀಕರಿನ ಯಂತ್ರ. ಆದ್ದರಿಂದ ಪ್ರತಿ ಬಿಡುಗಡೆಯನ್ನೂ ಅಂಥದ್ದರಲ್ಲಿ ಹಾಕಿ ಕೇಳಿದ ಮೇಲೆಯೇ ಹೊರಗೆ ಬಿಡುತ್ತೇವೆ.

ಮುದ್ರಣದ ನಡುವೆ ಕರೆಂಟು ಹೋದರೆ ಆ ಸುತ್ತಿನ ಪ್ರತಿಗಳು ಕೆಟ್ಟಂತೆಯೇ. ಕುಡತಿನಿ, ಶಕ್ತಿನಗರಗಳಂಥ ಕಡೆ ಉಷ್ಣ ವಿದ್ಯುತ್ ಸ್ಥಾವರಗಳು ನಮ್ಮ ಸೀಮೆಯಲ್ಲೇ ಇವೆ ಎಂಬುದು ಆಗ ಯಾವ ಸಮಾಧಾನವನ್ನೂ ಕೊಡುವುದಿಲ್ಲ. ಡೆಕ್‌ಗಳೆಲ್ಲ ಯು.ಪಿ.ಎಸ್. ಮೇಲೆಯೇ ಓಡುತ್ತವೆ.

ಕೇಳಲು ಯಾವ ಯಂತ್ರ ಕೊಳ್ಳಬೇಕು?

ಮನೆಯ ಅಟ್ಟದಲ್ಲಿ ಹಳೆಯದು ಇದ್ದರೆ ಮೊದಲು ಅದನ್ನೇ ಇಳಿಸಿ. ಬಹುಪಾಲು ಯಂತ್ರಗಳಲ್ಲಿ ಹಾಳಾಗಿರುವುದು ರಬ್ಬರ್ ಬೆಲ್ಟ್ ಮಾತ್ರ. ಅದು ಸಡಿಲವಾಗಿರುತ್ತದೆ ಅಥವಾ ಕರಗಿ ಡಾಂಬರಿನಂತೆ ಅಂಟಿಕೊಂಡಿರುತ್ತದೆ. ಹಳೆಯ ರೇಡಿಯೋ ರಿಪೇರಿಯವರು ಅದನ್ನು ಬದಲಿಸಿಕೊಡಬಲ್ಲರು. ಹೊಸದಾಗಿ ಮಾರುಕಟ್ಟೆಗೆ ಬರುವ ಕೈಯಂತ್ರಗಳಲ್ಲಿ ಹೆಚ್ಚಿನವು, ಬ್ರ್ಯಾಂಡ್ ಯಾವುದೇ ಇರಲಿ, ಜಪಾನಿನ ತನಾಶಿನ್ ಕಂಪನಿಯ ಹಳೆಯ ವಿನ್ಯಾಸವನ್ನು ಚೀನಾದಲ್ಲಿ ನಕಲು ಮಾಡಿದ ಒಳಭಾಗವನ್ನೇ ಹೊಂದಿವೆ. ಆದ್ದರಿಂದ ಹೊರಗಿನ ಹೊಳಪಿಗೆ ಹೆಚ್ಚು ಹಣ ಕೊಡುವ ಅಗತ್ಯವಿಲ್ಲ.

ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕ್ಯಾಸೆಟ್ಟನ್ನು ಕಾಪಾಡುವುದು ಹೇಗೆ?

40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲೂ ಮನೆಯೊಳಗಿನ ನೆರಳಿನಲ್ಲಿದ್ದ ಕ್ಯಾಸೆಟ್ಟಿಗೆ ಏನೂ ಆಗುವುದಿಲ್ಲ. ಕೆಡಿಸುವುದು ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್. ಅಲ್ಲಿ ಡಬ್ಬಿಯ ಪ್ಲಾಸ್ಟಿಕ್ ಡೊಂಕಾಗಿ ಚಕ್ರಗಳು ತಿರುಗದಂತಾಗುತ್ತವೆ. ಸ್ಪೀಕರಿನ ಹಿಂಬದಿಯ ಅಯಸ್ಕಾಂತದ ಹತ್ತಿರ ಇಡಬೇಡಿ. ಸಂಡೂರು, ತೋರಣಗಲ್ಲು ಕಡೆಯವರು ಕೇಳಿದ ಕೂಡಲೇ ಡಬ್ಬಿಯೊಳಗೆ ಹಾಕುವ ಅಭ್ಯಾಸ ಮಾಡಿಕೊಳ್ಳಬೇಕು, ಏಕೆಂದರೆ ಒಳಸೇರಿದ ಕೆಂಪು ಧೂಳು ಹೆಡ್ಡನ್ನು ಮರಳು ಕಾಗದದಂತೆ ಸವೆಸುತ್ತದೆ. ಮಳೆಗಾಲದ ತೇವದಲ್ಲಿ ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕಬೇಡಿ. ಅದು ಹೆಡ್ಡಿಗೂ ಅಲ್ಲಿಂದ ಬೇರೆ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ವರ್ಷಕ್ಕೊಮ್ಮೆಯಾದರೂ ಪೂರ್ತಿ ಓಡಿಸಿ ಹಿಂದಕ್ಕೆ ಸುತ್ತಿಡಿ.

ಸಿನಿಮಾ ಹಾಡೊಂದನ್ನು ನಮ್ಮ ತಂಡ ಮೆಟಲ್ ಶೈಲಿಯಲ್ಲಿ ನುಡಿಸಿದೆ. ಪ್ರಕಟಿಸುತ್ತೀರಾ?

ಹಕ್ಕುದಾರರ ಲಿಖಿತ ಒಪ್ಪಿಗೆ ತಂದರೆ ಮಾತ್ರ. 1957ರ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ವಿಧಿಯ ಪ್ರಕಾರ, ಮೂಲ ಮುದ್ರಣವಾದ ವರ್ಷ ಕಳೆದು ಐದು ವರ್ಷಗಳಾದ ಮೇಲೆ ಯಾರು ಬೇಕಾದರೂ ಮುಂಚಿತವಾಗಿ ತಿಳಿಸಿ, ರಾಯಧನ ಕಟ್ಟಿ ಮರುಗಾಯನವನ್ನು ಹೊರತರಬಹುದು. ಕೇಳಲು ಸರಳವಾಗಿದೆ. ಆದರೆ ಅದೇ ವಿಧಿ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನವನ್ನು ಕಟ್ಟಬೇಕೆನ್ನುತ್ತದೆ. ನಿರ್ದಿಷ್ಟ ಭಾಷೆ ಅಥವಾ ಉಪಭಾಷೆಯ ಕೃತಿಗಳಿಗೆ ಇದನ್ನು ಇಳಿಸುವ ಅಧಿಕಾರವನ್ನೂ ಅದರಲ್ಲಿಯೇ ಇಡಲಾಗಿದೆ. ಐವತ್ತು ಪ್ರತಿ ಮಾಡುವವರು ಐವತ್ತು ಸಾವಿರದ ಲೆಕ್ಕದಲ್ಲಿ ಹಣ ಕಟ್ಟುವ ಮಾತೇ ಇಲ್ಲ. ಸಾಲದ್ದಕ್ಕೆ, ತಾಂತ್ರಿಕವಾಗಿ ಅನಿವಾರ್ಯವಲ್ಲದ ಬದಲಾವಣೆಗಳನ್ನು ಸಾಹಿತ್ಯದಲ್ಲಾಗಲಿ ಸಂಗೀತದಲ್ಲಾಗಲಿ ಮಾಡುವಂತಿಲ್ಲ. ಸಣ್ಣವರನ್ನು ಗಮನದಲ್ಲಿಟ್ಟು ಬರೆದ ವಿಧಿ ಇದಲ್ಲವೆಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ದಾಸರ ಪದಗಳು, ವಚನಗಳು?

ಮಾನವಿಯ ಜಗನ್ನಾಥದಾಸರು 1809ರಲ್ಲಿ ಕಾಲವಾದವರು. ಅವರ ಸಾಹಿತ್ಯಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಎಚ್ಚರ ಬೇಕಾದದ್ದು ರಾಗ ಸಂಯೋಜನೆಯಲ್ಲಿ. ಇತ್ತೀಚಿನ ಸಂಯೋಜಕರೊಬ್ಬರು ಹಾಕಿದ ಮಟ್ಟನ್ನೇ ನೀವು ಹಾಡಿದ್ದರೆ ಆ ಮಟ್ಟು ಅವರದು. ಹಾಗೆಯೇ ಜಾತ್ರೆಯಲ್ಲೋ ಮೊಹರಂನಲ್ಲೋ ಹಾಡುವವರ ಧ್ವನಿಯನ್ನು ಮೊಬೈಲಿನಲ್ಲಿ ಹಿಡಿದು ತಂದು ನಿಮ್ಮ ರಚನೆಯಲ್ಲಿ ಸೇರಿಸಿದ್ದರೆ, ಹಾಡಿದವರಿಗೆ ಪ್ರದರ್ಶಕರ ಹಕ್ಕು ಇದೆ ಎಂಬುದನ್ನು ಮರೆಯಬಾರದು. ಅದು 50 ವರ್ಷ ಇರುತ್ತದೆ. ಅವರ ಊರಿಗೆ ಮತ್ತೆ ಹೋಗಿ, ಮಾಡಿದ್ದನ್ನು ಕೇಳಿಸಿ, ಒಪ್ಪಿಗೆ ಪಡೆದು, ಸಲ್ಲಬೇಕಾದ ಹಣವನ್ನೂ ಹೆಸರನ್ನೂ ಕೊಟ್ಟು ಬನ್ನಿ.

ಜೆ-ಕಾರ್ಡಿನ (ಡಬ್ಬಿಯೊಳಗೆ ಮಡಿಸಿಡುವ ಹೊದಿಕೆ ಕಾಗದದ) ಮೇಲೆ ಏನೇನು ಇರಬೇಕು?

ವಿನ್ಯಾಸ ನಿಮ್ಮ ಇಷ್ಟ. ಆದರೆ ಕಾಯ್ದೆಯ 52ಎ ವಿಧಿಯಂತೆ ಧ್ವನಿಮುದ್ರಣದ ಮೇಲೂ ಹೊದಿಕೆಯ ಮೇಲೂ ಮುದ್ರಣ ಮಾಡಿದವರ ಹೆಸರು ವಿಳಾಸ, ಹಕ್ಕುದಾರರ ಹೆಸರು ವಿಳಾಸ, ಮೊದಲು ಪ್ರಕಟವಾದ ವರ್ಷ ಇವಿಷ್ಟೂ ಇರಲೇಬೇಕು. ಅನಾಮಧೇಯವಾಗಿ ಉಳಿಯಬಯಸುವ ಕಲಾವಿದರಿಗೆ ಇದು ಹಿಡಿಸುವುದಿಲ್ಲ. ವೇದಿಕೆಯ ಹೆಸರು ಏನೇ ಇರಲಿ, ಹಕ್ಕನ್ನು ನಮಗೆ ಬರೆದುಕೊಟ್ಟರೆ ಹಕ್ಕುದಾರರ ಜಾಗದಲ್ಲಿ ನಮ್ಮ ಹೆಸರು ವಿಳಾಸ ಬರುತ್ತದೆ; ಮುದ್ರಣ ಮಾಡಿದವರ ವಿವರ ಆಗಲೂ ಇರಲೇಬೇಕು. ಹಾಡಿನ ಹೆಸರುಗಳು ಕನ್ನಡ ಲಿಪಿಯಲ್ಲಿರಲಿ ಎಂಬುದು ನಮ್ಮ ಆಗ್ರಹ.

ಪ್ರತಿಗಳು ಮುಗಿದ ಮೇಲೆ ಮತ್ತೆ ಮಾಡುತ್ತೀರಾ?

ಕಲಾವಿದರು ಬೇಡವೆನ್ನದಿದ್ದರೆ ಮಾಡುತ್ತೇವೆ. ಕೊರತೆಯನ್ನು ಸೃಷ್ಟಿಸಿ ಬೆಲೆ ಏರಿಸುವ ಪದ್ಧತಿ ನಮ್ಮಲ್ಲಿ ಇಲ್ಲ.

ನಿಮ್ಮ ಕ್ಯಾಸೆಟ್ಟನ್ನು ಗೆಳೆಯರಿಗೆ ನಕಲು ಮಾಡಿ ಕೊಡಬಹುದೇ?

ಜೆ-ಕಾರ್ಡಿನಲ್ಲಿ ಹಾಗೆಂದು ಬರೆದಿದ್ದರೆ ಧಾರಾಳವಾಗಿ ಕೊಡಬಹುದು. ಬರೆದಿಲ್ಲದಿದ್ದರೆ ಕಲಾವಿದರನ್ನು ಕೇಳಿ. ಪ್ರತಿ ಕ್ಯಾಸೆಟ್ಟಿನ ಜೊತೆಗೆ ಡಿಜಿಟಲ್ ಕಡತವನ್ನು ಇಳಿಸಿಕೊಳ್ಳುವ ಸಂಕೇತವೂ ಇರುತ್ತದೆ.

ನಮ್ಮ ಧ್ವನಿಮುದ್ರಣವನ್ನು ಹೇಗೆ ಕಳಿಸಬೇಕು?

ಒಂದೊಂದು ಬದಿಗೆ ಒಂದರಂತೆ ಎರಡು ವೇವ್ (WAV) ಕಡತಗಳನ್ನು, ಹಾಡುಗಳ ನಡುವಿನ ಮೌನವನ್ನೂ ಸೇರಿಸಿ ಕಳಿಸಿ. ಸದ್ದನ್ನು ಕೊನೆಯ ಮಿತಿಗೆ ಒತ್ತಿ ಏರಿಸಬೇಡಿ. ಸುಮಾರು 10 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ತೀರಾ ಹರಿತವಾಗಿದ್ದರೆ ಟೇಪು ಅದನ್ನು ಹಿಡಿಯಲಾರದೆ ಕರ್ಕಶವಾಗಿಸುತ್ತದೆ, ಅದರಲ್ಲೂ ‘ಸ’, ‘ಶ’ ಅಕ್ಷರಗಳು ರ‍್ಯಾಪಿನಲ್ಲಿ ಉಗುಳಿದಂತೆ ಕೇಳಿಸುತ್ತವೆ. ಪೋರ್ಟಾಸ್ಟುಡಿಯೋದಲ್ಲಿ ಮಾಡಿದ ಮೂಲ ಟೇಪನ್ನೇ ಕಳಿಸುವುದಾದರೆ ಯಂತ್ರದ ಮಾದರಿಯನ್ನು ಬರೆಯಿರಿ, ಏಕೆಂದರೆ ಅವುಗಳಲ್ಲಿ ಹಲವು ಸಾಮಾನ್ಯ ಕ್ಯಾಸೆಟ್ಟಿನ ಎರಡರಷ್ಟು ವೇಗದಲ್ಲಿ ಓಡುತ್ತವೆ ಮತ್ತು ನಾಲ್ಕೂ ಟ್ರ್ಯಾಕುಗಳನ್ನು ಒಂದೇ ದಿಕ್ಕಿನಲ್ಲಿ ಬಳಸುತ್ತವೆ.

ಅಜ್ಜನ ಕಾಲದ ಭಜನೆಯ, ನಾಟಕದ ಕ್ಯಾಸೆಟ್ಟುಗಳು ಮನೆಯಲ್ಲಿವೆ. ಅವುಗಳನ್ನು ತೆಗೆದುಕೊಳ್ಳುತ್ತೀರಾ?

ತೆಗೆದುಕೊಂಡು, ಡಿಜಿಟಲ್ ಪ್ರತಿ ಮಾಡಿ, ಮೂಲವನ್ನು ನಿಮಗೇ ಹಿಂತಿರುಗಿಸುತ್ತೇವೆ; ಪ್ರಕಟಿಸುವ ಮಾತು ಹಾಡಿದವರನ್ನು ಅಥವಾ ಅವರ ಮನೆಯವರನ್ನು ಕಂಡ ನಂತರ. ತರುವ ಮುನ್ನ ಓಡಿಸಿ ನೋಡಬೇಡಿ. ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳು ಇನ್ನೂ ಇದ್ದರೆ ಅವುಗಳನ್ನು ಮುರಿದುಬಿಡಿ, ಆಗ ಕೈತಪ್ಪಿ ಅದರ ಮೇಲೆ ಬೇರೆಯದು ಮುದ್ರಣವಾಗುವ ಭಯವಿರುವುದಿಲ್ಲ. ಟೇಪು ತುಂಡಾಗಿದ್ದರೆ ತುದಿಗಳನ್ನು ಸೆಲ್ಲೊಟೇಪಿನಿಂದ ಅಂಟಿಸದೆ ಹಾಗೆಯೇ ತನ್ನಿ. ಆ ಅಂಟು ಹರಡಿ ಪಕ್ಕದ ಸುತ್ತುಗಳನ್ನೂ ಕೆಡಿಸುತ್ತದೆ. ಡಬ್ಬಿಯ ಮೇಲೆ ಪೆನ್ಸಿಲಿನಲ್ಲಿ ಬರೆದ ಹೆಸರು, ಊರು, ತಿಥಿ ಏನೇ ಇದ್ದರೂ ಅಳಿಸಬೇಡಿ, ಓದಲು ಬಾರದಂತೆ ಮಾಸಿದ್ದರೂ ಸರಿ.